ಅಸ್ತಮಾ ಇದ್ದೂ ಮತ್ತೆ ರೇಸಿಗೆ: 10 ಕಿಲೋಮೀಟರ್ ಓಟಕ್ಕೆ 16 ವಾರಗಳ ಸಮಗ್ರ ಮಾರ್ಗದರ್ಶಿ

ಒಂದೇ ತಪ್ಪನ್ನು ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ. ಒಂದು ಕಾಲಕ್ಕೆ ಚೆನ್ನಾಗಿ ಓಡುತ್ತಿದ್ದವರು ಅಸ್ತಮಾ ಜಾಸ್ತಿಯಾಗಿ ವರ್ಷವೋ ಎರಡು ವರ್ಷವೋ ಬಿಟ್ಟಿರುತ್ತಾರೆ. ಬೆಂಗಳೂರಿನ 10ಕೆ ಓಟಕ್ಕೆ ಹೆಸರು ಕೊಡುವ ದಿನ ಬಂತು ಅಂದರೆ ಹುರುಪು ಹತ್ತುತ್ತದೆ. ಮೊದಲ ವಾರವೇ ಐದು ಕಿಲೋಮೀಟರ್. ಎರಡನೇ ವಾರ ಸ್ಪೀಡು. ಮೂರನೇ ವಾರ ರಾತ್ರಿಯೆಲ್ಲ ಕೆಮ್ಮು. ನಾಲ್ಕನೇ ವಾರ ಸ್ಟೀರಾಯ್ಡ್ ಮಾತ್ರೆ. ರೇಸಿನ ದಿನ ಮನೆಯಲ್ಲಿ ಮಲಗಿರುತ್ತಾರೆ. ನಾನೂ ಎರಡು ಸಲ ಹೀಗೆ ಮಲಗಿದ್ದೇನೆ.

ಇಲ್ಲಿ ಕೆಡುವುದು ಕ್ರಮ. ಹಳೇ ಓಟಗಾರರ ಕಾಲು ಬೇಗ ದಾರಿಗೆ ಬರುತ್ತದೆ. ಶ್ವಾಸನಾಳದ ಒಳಗಿನ ಊತ ಇಳಿಯುವುದಕ್ಕೆ ಮಾತ್ರ ದಿನವೂ ಔಷಧಿ ತಗೊಂಡರೂ ವಾರಗಳೇ ಬೇಕು. ಕಾಲು ರೆಡಿ ಆಯ್ತು ಅಂತ ವೇಗ ಏರಿಸಿದರೆ ಊದಿಕೊಂಡ ನಾಳದ ಮೇಲೆ ಒಣ ಗಾಳಿ ಸುರಿದಂತಾಗುತ್ತದೆ. ಹಾಗಾಗಿ ಮೊದಲು ಊತ ಇಳಿಯಬೇಕು. ಆಮೇಲೆ ದೂರ, ಆಮೇಲೆ ವೇಗ, ಕೊನೆಗೆ ರೇಸು. ಕೆಳಗಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ. ಯಾವುದನ್ನೂ ಹಾರಿಸಬೇಡಿ.

2024 ಮತ್ತು 2025ರಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಏಪ್ರಿಲ್ ಕೊನೆಯ ಭಾನುವಾರ ನಡೆಯಿತು. ಅಲ್ಲಿಂದ 16 ವಾರ ಹಿಂದಕ್ಕೆ ಎಣಿಸಿದರೆ ಜನವರಿ ಮೊದಲ ವಾರ. ನಿಮ್ಮ ರೇಸು ಬೇರೆಯಾದರೂ ಹೀಗೇ ಹಿಂದಿನಿಂದ ಎಣಿಸಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಅಸ್ತಮಾ ಇರುವ ಓಟಗಾರ. ಯಾವ ಔಷಧಿ, ಎಷ್ಟು ಪಫ್ ಅನ್ನುವುದು ನಿಮ್ಮ ಡಾಕ್ಟರ್ ಹೇಳಿದಂತೆ. ಎದೆನೋವು, ತಲೆ ಸುತ್ತಿ ಬೀಳುವುದು, ಹೃದಯದ ತೊಂದರೆ ಇದ್ದವರು ಮೊದಲು ಅದನ್ನು ತೋರಿಸಿಕೊಳ್ಳಿ.

ಬೇಕಾಗುವ ಸಾಮಾನು

ಪೀಕ್ ಫ್ಲೋ ಮೀಟರ್: ಎಷ್ಟು ಜೋರಾಗಿ ಗಾಳಿ ಊದಬಲ್ಲಿರಿ ಅಂತ ಅಳೆಯುವ ಪ್ಲಾಸ್ಟಿಕ್ ಕೊಳವೆ. ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ಈ ಪಟ್ಟಿಯಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಇದನ್ನೇ ಕೊಳ್ಳಿ.

ಸ್ಪೇಸರ್: ಇನ್ಹೇಲರ್ ಮುಂದೆ ಸಿಕ್ಕಿಸುವ ದಪ್ಪ ಕೊಳವೆ.

ಎರಡು ಬಗೆಯ ಔಷಧಿ: ದಿನವೂ ತಗೊಳ್ಳುವ, ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಒಂದು. ಉಸಿರು ಕಟ್ಟಿದಾಗ ತಗೊಳ್ಳುವ ತುರ್ತು ಇನ್ಹೇಲರ್ ಇನ್ನೊಂದು. ಕೆಲವರಿಗೆ ಡಾಕ್ಟರ್ ಎರಡೂ ಕೆಲಸಕ್ಕೆ ಒಂದೇ ಇನ್ಹೇಲರ್ ಕೊಟ್ಟಿರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಊತ ಇಳಿಸುವ ಬುಡೆಸೊನೈಡ್ ಜೊತೆ ನಾಳ ಸಡಿಲಿಸುವ ಫಾರ್ಮೊಟೆರಾಲ್ ಇರುತ್ತದೆ.

ಇವುಗಳ ಜೊತೆಗೆ ಒಂದು ನೋಟ್‌ಬುಕ್, ಸೊಂಟಕ್ಕೆ ಕಟ್ಟುವ ಸಣ್ಣ ಚೀಲ, ಜಿಪ್ ಇರುವ ಪ್ಲಾಸ್ಟಿಕ್ ಕವರ್, ಕತ್ತಿಗೆ ಸುತ್ತಿ ಬಾಯಿವರೆಗೆ ಎಳೆದುಕೊಳ್ಳುವಂಥ ತೆಳುವಾದ ಬಟ್ಟೆ. ಫೋನಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್.

ದುಬಾರಿ ವಾಚ್ ಬೇಕಿಲ್ಲ. ಇದ್ದರೂ ಒಂದು ತಿಳಿದಿರಲಿ: ತುರ್ತು ಇನ್ಹೇಲರಿನಲ್ಲಿ ಸಾಮಾನ್ಯವಾಗಿ ಇರುವ ಔಷಧಿ ಸಾಲ್ಬುಟಮಾಲ್ ತಗೊಂಡ ಮೇಲೆ ನಾಡಿ ಬಡಿತ ಏರುತ್ತದೆ, ಕೈ ಸ್ವಲ್ಪ ನಡುಗುತ್ತದೆ. ಆ ಹೊತ್ತಿನಲ್ಲಿ ವಾಚ್ ತೋರಿಸುವ ಹಾರ್ಟ್ ರೇಟ್ ನೋಡಿ ವೇಗ ನಿರ್ಧರಿಸಬೇಡಿ.

ಹಂತ 1: ಡಾಕ್ಟರ ಹತ್ತಿರ ಹೋಗಿ (ವಾರ 1)

"ಓಡಬಹುದಾ ಡಾಕ್ಟ್ರೇ?" ಅಂತ ಕೇಳಿದರೆ "ಓಡಿ, ಹುಷಾರು" ಅಂತಷ್ಟೇ ಉತ್ತರ ಬರುತ್ತದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮೊದಲನೆಯದು ಸ್ಪೈರೊಮೆಟ್ರಿ, ಅಂದರೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ. ಒಮ್ಮೆ ಊದಿಸುತ್ತಾರೆ, ಔಷಧಿ ಕೊಟ್ಟು ಮತ್ತೆ ಊದಿಸುತ್ತಾರೆ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ನಾಳ ಎಷ್ಟು ಬಿಗಿದಿದೆ ಅನ್ನುವುದು ಗೊತ್ತಾಗುತ್ತದೆ. ಅವತ್ತು ಬೆಳಿಗ್ಗೆ ಕಾಫಿ ಕುಡಿಯದೆ ಹೋಗಿ. ಕಾಫಿಯಲ್ಲಿರುವ ಕೆಫೀನ್ ಶ್ವಾಸನಾಳವನ್ನು ಒಂಚೂರು ಸಡಿಲ ಮಾಡುತ್ತದೆ, ಲೆಕ್ಕ ತಪ್ಪುತ್ತದೆ. ಯಾವ ಇನ್ಹೇಲರ್ ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕು ಅಂತ ಫೋನಿನಲ್ಲೇ ಕೇಳಿಕೊಳ್ಳಿ.

ಎರಡನೆಯದು, ನಿಮ್ಮದು ನಿಜವಾಗಿ ಎದೆಯ ತೊಂದರೆಯೋ ಗಂಟಲಿನದೋ. ಇದು ಬಹಳ ಜನರಿಗೆ ಗೊತ್ತಿಲ್ಲ. ಓಟದಿಂದ ಬರುವ ಅಸ್ತಮಾ ಸಾಮಾನ್ಯವಾಗಿ ಓಟ ನಿಲ್ಲಿಸಿದ 5ರಿಂದ 15 ನಿಮಿಷಕ್ಕೆ ಜೋರಾಗುತ್ತದೆ. ಉಸಿರು ಬಿಡುವಾಗ ಕುಯ್ ಕುಯ್ ಸದ್ದು ಬರುತ್ತದೆ. ಆದರೆ ಕೆಲವರಿಗೆ ಅತಿ ಜೋರಾಗಿ ಓಡುತ್ತಿರುವಾಗಲೇ ಗಂಟಲು ಬಿಗಿದು, ಉಸಿರು ಎಳೆಯುವಾಗ ಸದ್ದು ಬರುತ್ತದೆ. ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಪಫ್ ತಗೊಂಡರೂ ಏನೂ ಆಗುವುದಿಲ್ಲ. ಇದು ಧ್ವನಿಪೆಟ್ಟಿಗೆ ಕಿರಿದಾಗುವ ತೊಂದರೆ ಇರಬಹುದು. ಇದಕ್ಕೆ ಉಸಿರಾಟದ ತರಬೇತಿ ಬೇಕು, ಇನ್ಹೇಲರ್ ಅಲ್ಲ. ನಿಮಗೆ ಯಾವ ಹೊತ್ತಿಗೆ, ಎಲ್ಲಿ ಬಿಗಿಯುತ್ತದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಮೂರನೆಯದು, ಬರೀ ತುರ್ತು ಇನ್ಹೇಲರ್ ಮೇಲೆ ದಿನ ತಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಜಿನಾ, ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ ಅಂತ 2019ರಿಂದ ಹೇಳುತ್ತಿದೆ. ಕಾರಣ ಸುಲಭ. ಅದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ನಿಮಗೆ ಆರಾಮಾಯಿತು ಅನ್ನಿಸುತ್ತದೆ, ಒಳಗೆ ಉರಿ ಹಾಗೇ ಇರುತ್ತದೆ.

"ಪಂಪ್ ಶುರು ಮಾಡಿದರೆ ಚಟ ಆಗಿಬಿಡುತ್ತೆ" ಅಂತ ಮನೆಯಲ್ಲಿ ಹೇಳುವವರು ಇದ್ದೇ ಇರುತ್ತಾರೆ. ನನ್ನ ಅಜ್ಜಿಯೂ ಹೇಳುತ್ತಿದ್ದರು. ಇನ್ಹೇಲರ್ ಸ್ಟೀರಾಯ್ಡ್ ಚಟ ಹಿಡಿಸುವುದಿಲ್ಲ. ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುವ ಔಷಧಿ ಅದು. ಅದನ್ನು ಬಿಟ್ಟು ಅಟ್ಯಾಕ್ ಬಂದಾಗ ನುಂಗುವ ಮಾತ್ರೆಯ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಾಟಿ ಮದ್ದು ತಗೊಂಡೆ ಅಂತಲೂ ಇನ್ಹೇಲರ್ ನಿಲ್ಲಿಸಬೇಡಿ.

ಕೊನೆಯದಾಗಿ, ಬರೆದ ಪ್ಲಾನ್ ಕೇಳಿ ಪಡೆಯಿರಿ. ಮೀಟರ್ ಅಂಕಿ ಎಷ್ಟಕ್ಕೆ ಇಳಿದರೆ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಡುವುದು. ಫ್ಲೂ ಲಸಿಕೆ ಬಗ್ಗೆಯೂ ಕೇಳಿ. ಬಿಪಿಗೋ ಮೈಗ್ರೇನಿಗೋ ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಕೆಲವು ಬಗೆಯವು ಅಸ್ತಮಾ ಕೆರಳಿಸುತ್ತವೆ.

ಹಂತ 2: ಇನ್ಹೇಲರ್ ಎಳೆಯುವುದನ್ನು ಹೊಸದಾಗಿ ಕಲಿಯಿರಿ (ವಾರ 1–2)

ಒಂಬತ್ತು ವರ್ಷ ನಾನು ತಪ್ಪಾಗಿ ಎಳೆಯುತ್ತಿದ್ದೆ. ಒಬ್ಬ ನರ್ಸಮ್ಮ ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿ "ಈಗ ತಗೊಳ್ಳಿ" ಅಂದರು. ಒತ್ತಿದೆ. ತುಟಿಯ ಬಲ ಮೂಲೆಯಿಂದ ಬಿಳಿ ಹೊಗೆ ಹೊರಗೆ ಬಂತು. "ನೋಡಿ ಸಾರ್, ನಿಮ್ಮ ಔಷಧಿ ಅಲ್ಲಿ ಹೋಗ್ತಾ ಇದೆ" ಅಂದರು. ಅವತ್ತೇ ಸ್ಪೇಸರ್ ತಂದೆ. ಮೂರು ವಾರದಲ್ಲಿ ಬೆಳಗಿನ ಅಂಕಿ ಮೇಲೆ ಬಂತು. ಔಷಧಿ ಅದೇ, ಪ್ರಮಾಣವೂ ಅದೇ.

ನೀವೂ ಕನ್ನಡಿ ಮುಂದೆ ನಿಂತು ಮಾಡಿ ನೋಡಿ.

ಒತ್ತುವ ಇನ್ಹೇಲರ್ ಆದರೆ: ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಸ್ಪೇಸರ್ ಕಚ್ಚಿ ತುಟಿ ಮುಚ್ಚಿ. ಒಂದೇ ಪಫ್ ಒತ್ತಿ. ನಿಧಾನವಾಗಿ, ಆಳವಾಗಿ ಎಳೆದುಕೊಳ್ಳಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಅರ್ಧ ನಿಮಿಷವೋ ಒಂದು ನಿಮಿಷವೋ ಬಿಟ್ಟು ಎರಡನೇ ಪಫ್. ಎರಡು ಪಫ್ ಒಟ್ಟಿಗೆ ಸ್ಪೇಸರಿಗೆ ಹಾಕುವುದು ದೊಡ್ಡ ತಪ್ಪು.

ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ರೋಟಾಹೇಲರ್ ಆದರೆ ಇದಕ್ಕೆ ಉಲ್ಟಾ. ಅಲ್ಲಿ ಜೋರಾಗಿ, ರಭಸದಿಂದ ಎಳೆಯಬೇಕು. ಅದರೊಳಕ್ಕೆ ಉಸಿರು ಬಿಡಬಾರದು, ಪುಡಿ ಒದ್ದೆಯಾಗುತ್ತದೆ. ಮುಗಿದ ಮೇಲೆ ಕ್ಯಾಪ್ಸೂಲ್ ತೆಗೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ.

ಸ್ಟೀರಾಯ್ಡ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು, ದನಿ ಒಡೆಯಬಹುದು. ಹಲ್ಲುಜ್ಜುವ ಮುಂಚೆ ತಗೊಳ್ಳುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಒಳಗೆ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ.

ಇನ್ಹೇಲರಿನಲ್ಲಿ ಎಷ್ಟು ಪಫ್ ಇದೆ ಅಂತ ಡಬ್ಬಿಯ ಮೇಲೆ ಇರುತ್ತದೆ, ಸಾಲ್ಬುಟಮಾಲಿನಲ್ಲಿ ಸಾಮಾನ್ಯವಾಗಿ 200. ಎಣಿಸುವ ಕಿಂಡಿ ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಇನ್ಹೇಲರ್ ಮೇಲೆಯೇ ಬರೆದಿಡಿ. ನೀರಲ್ಲಿ ತೇಲಿಸಿ ನೋಡುವುದು, ಅಲ್ಲಾಡಿಸಿ ಕೇಳುವುದು ನಂಬುವ ಹಾಗಿಲ್ಲ. ಔಷಧಿ ಮುಗಿದ ಮೇಲೂ ಗಾಳಿ ಬರುತ್ತಲೇ ಇರುತ್ತದೆ.

ಹಂತ 3: ಎರಡು ವಾರ ಓಡಬೇಡಿ, ಬರೆಯಿರಿ (ವಾರ 3–4)

ಇಲ್ಲಿಯೇ ಎಲ್ಲರೂ ಸೋಲುವುದು. ಎರಡು ವಾರ ಸುಮ್ನೆ ಕೂರುವುದು ಓಟಗಾರರಿಗೆ ಕಷ್ಟ. ನಡೆಯಿರಿ, ಬೇಕಾದರೆ ದಿನವೂ 40 ನಿಮಿಷ. ಓಟ ಮಾತ್ರ ಬೇಡ.

ಬೆಳಿಗ್ಗೆ ಎದ್ದು ಇನ್ಹೇಲರ್ ತಗೊಳ್ಳುವ ಮುಂಚೆ ಒಮ್ಮೆ, ಸಂಜೆ ಒಮ್ಮೆ ಮೀಟರ್ ಊದಿ. ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಎದೆ ತುಂಬ ಉಸಿರು ಎಳೆದು, ತುಟಿ ಬಿಗಿಯಾಗಿ ಮುಚ್ಚಿ ಒಂದೇ ಏಟಿಗೆ ಜೋರಾಗಿ ಊದಿ. ಮೂರು ಸಲ ಊದಿ, ಜಾಸ್ತಿ ಬಂದ ಅಂಕಿ ಬರೆಯಿರಿ. ಪಕ್ಕದಲ್ಲಿ ಮೂರು ವಿಷಯ: ರಾತ್ರಿ ಎದ್ದು ಕೆಮ್ಮಿದಿರಾ? ತುರ್ತು ಪಫ್ ಎಷ್ಟು ಬೇಕಾಯಿತು? ಅವತ್ತು ಏನಾದರೂ ಕೆರಳಿಸಿತಾ?

ಎರಡು ವಾರದಲ್ಲಿ, ಆರಾಮಾಗಿದ್ದ ದಿನ ಬಂದ ಅತಿ ದೊಡ್ಡ ಅಂಕಿ ನಿಮ್ಮ ಉತ್ತಮ ಅಂಕಿ. ಅದು 480 ಅಂದುಕೊಳ್ಳಿ. ಅದರ ಶೇ 80 ಅಂದರೆ 384. ಅದಕ್ಕಿಂತ ಮೇಲಿದ್ದರೆ ಹಸಿರು. 384ರಿಂದ 240ರವರೆಗೆ ಹಳದಿ. 240, ಅಂದರೆ ಶೇ 50ಕ್ಕಿಂತ ಕೆಳಗೆ ಕೆಂಪು. ನಿಮ್ಮ ಮೂರು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಪಕ್ಕದ ಮನೆಯವರ ಅಂಕಿಗೆ ಹೋಲಿಸಬೇಡಿ. ಎತ್ತರ, ವಯಸ್ಸಿನ ಮೇಲೆ ಎಲ್ಲ ಬದಲಾಗುತ್ತದೆ.

ಕೊನೆಯ ಏಳು ದಿನ ಬೆಳಗಿನ ಅಂಕಿ ಹಸಿರಲ್ಲೇ ಇರಬೇಕು, ಒಂದು ರಾತ್ರಿಯೂ ಉಸಿರು ಕಟ್ಟಿ ಎದ್ದಿರಬಾರದು, ತುರ್ತು ಪಫ್ ಎರಡು ಸಲಕ್ಕಿಂತ ಜಾಸ್ತಿ ಬೇಕಾಗಿರಬಾರದು. ಮೂರೂ ಆದರೆ ಮಾತ್ರ ಮುಂದಿನ ಹಂತ. ಆಗದಿದ್ದರೆ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ರೇಸಿಗೆ ಹೆಸರು ಕೊಡುವುದನ್ನು ಈ ಹಂತ ದಾಟುವವರೆಗೆ ಮುಂದಕ್ಕೆ ಹಾಕಿ. ದುಡ್ಡು ಕಟ್ಟಿಬಿಟ್ಟರೆ ಮನಸ್ಸು ಅಂಕಿಯನ್ನು ನೋಡುವುದಿಲ್ಲ.

ಹಂತ 4: ನಡಿಗೆ-ಓಟ (ವಾರ 5–10)

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಪ್ರತಿ ಸಲವೂ ಶುರುವಿಗೆ 10 ನಿಮಿಷ, ಕೊನೆಗೆ 10 ನಿಮಿಷ ನಡಿಗೆ.

ವಾರ 5: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ.
ವಾರ 6: 2 ನಿಮಿಷ ಓಟ, 2 ನಿಮಿಷ ನಡಿಗೆ, 7 ಸಲ.
ವಾರ 7: 4 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ.
ವಾರ 8: 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ.
ವಾರ 9: 15 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ.
ವಾರ 10: 30 ನಿಮಿಷ ನಿಲ್ಲದೆ ಓಟ.

ವೇಗ ಎಷ್ಟಿರಬೇಕು? ಓಡುತ್ತಾ ನಿಮ್ಮ ಮನೆ ವಿಳಾಸವನ್ನು ಬಾಗಿಲ ನಂಬರಿನಿಂದ ಹಿಡಿದು ಊರಿನವರೆಗೆ ಒಂದೇ ಉಸಿರಲ್ಲಿ ಹೇಳಿ ನೋಡಿ. ಹೇಳಲು ಆಗದಿದ್ದರೆ ಜಾಸ್ತಿ ವೇಗದಲ್ಲಿದ್ದೀರಿ. ಮೊದಲ ಎರಡು ವಾರ ನಾಚಿಕೆಯಾಗುವಷ್ಟು ನಿಧಾನ ಅನ್ನಿಸುತ್ತದೆ. ಕಬ್ಬನ್ ಪಾರ್ಕಿನಲ್ಲಿ ವಾಕಿಂಗ್ ಬಂದ ಹಿರಿಯರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ.

ಓಟದ ಮುಂಚೆ ಒಮ್ಮೆ, ಮುಗಿಸಿದ 10 ನಿಮಿಷಕ್ಕೆ ಒಮ್ಮೆ ಮೀಟರ್ ಊದಿ. ಶೇ 15ಕ್ಕಿಂತ ಜಾಸ್ತಿ ಇಳಿದರೆ ಆ ವಾರದ ಓಟ ನಿಮಗೆ ಭಾರವಾಯಿತು ಅಂತ ಅರ್ಥ. ಹಿಂದಿನ ವಾರಕ್ಕೆ ಹೋಗಿ. ಎರಡು ಸಲ ಹೀಗಾದರೆ ಡಾಕ್ಟರಿಗೆ ತೋರಿಸಿ, ಬಹುಶಃ ದಿನದ ಔಷಧಿ ಬದಲಿಸಬೇಕಾಗುತ್ತದೆ. ಪ್ರತಿ ಓಟಕ್ಕೂ ಮುಂಚೆ ಪಫ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಸ್ಥಿತಿಯೂ ಅಷ್ಟೇ. ಸಾಲ್ಬುಟಮಾಲ್ ದಿನವೂ ತಗೊಂಡರೆ ಓಟದಲ್ಲಿ ಅದು ಕೊಡುವ ರಕ್ಷಣೆ ಕಡಿಮೆಯಾಗುತ್ತಾ ಹೋಗುತ್ತದೆ.

ನೆಗಡಿ ಬಂದರೆ ಓಟ ನಿಲ್ಲಿಸಿ. ದೊಡ್ಡ ಅಟ್ಯಾಕುಗಳಲ್ಲಿ ಬಹಳಷ್ಟು ಶುರುವಾಗುವುದೇ ಮಾಮೂಲಿ ನೆಗಡಿಯಿಂದ. ಮೂಗು ಸರಿಹೋದ ಮೇಲೂ ಬೆಳಗಿನ ಅಂಕಿ ಮೂರು ದಿನ ಸತತ ಹಸಿರಲ್ಲಿ ಬರುವವರೆಗೆ ಕಾಯಿರಿ.

ಗಾಳಿ ನೋಡಿ ಜಾಗ ಆರಿಸಿ

ಇದು ಎಲ್ಲ ಹಂತಗಳಿಗೂ ಅನ್ವಯಿಸುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಗಾಳಿಯ ಗುಣಮಟ್ಟದ ಅಂಕಿ ನೋಡಿ. ನಮ್ಮ ದೇಶದ ಲೆಕ್ಕದಲ್ಲಿ 0–50 ಉತ್ತಮ, 51–100 ತೃಪ್ತಿಕರ. 101ರಿಂದ 200ರವರೆಗೆ 'ಮಧ್ಯಮ' ಅಂತಾರೆ, ಆದರೆ ಅಸ್ತಮಾ ಇದ್ದವರಿಗೆ ಅಲ್ಲಿಂದಲೇ ಉಸಿರಿನ ತೊಂದರೆ ಆಗಬಹುದು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳುತ್ತದೆ. ನನ್ನ ನಿಯಮ: 100 ದಾಟಿದರೆ ವೇಗದ ಓಟ ಇಲ್ಲ, 150 ದಾಟಿದರೆ ಹೊರಗೆ ಓಟವೇ ಇಲ್ಲ. ದೀಪಾವಳಿಯ ವಾರ ಪೂರ್ತಿ ಒಳಗೇ ವ್ಯಾಯಾಮ.

ಅಂಕಿಯಲ್ಲಿ ಕಾಣದ ವಿಷಯಗಳೂ ಇವೆ. ಬೆಳಿಗ್ಗೆ ಆರಕ್ಕೆ ರಸ್ತೆ ಬದಿ ಒಣಗಿದ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚಿರುತ್ತಾರೆ. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಗಿಡ ಅಂತೀವಲ್ಲ, ಅದು ಹೂ ಬಿಟ್ಟಿರುತ್ತದೆ. ಹಳ್ಳಿ ಕಡೆ ಒಕ್ಕಣೆ ಸಮಯದ ಧೂಳು. ಮಲೆನಾಡಿನಲ್ಲಿ ಮಳೆಗಾಲದ ಬೂಷ್ಟು. ನಿಮಗೆ ಯಾವುದು ಆಗುವುದಿಲ್ಲ ಅಂತ ನೋಟ್‌ಬುಕ್ ಒಂದು ತಿಂಗಳಲ್ಲಿ ಹೇಳಿಬಿಡುತ್ತದೆ. ದಾರಿ ಬದಲಿಸಿ.

ಜನವರಿಯ ಬೆಳಿಗ್ಗೆ ಚಳಿ ಇದ್ದಾಗ ಬಟ್ಟೆಯನ್ನು ಬಾಯಿ ಮೇಲೆ ಎಳೆದುಕೊಂಡು ಮೊದಲ 15 ನಿಮಿಷ ಓಡಿ. ಒಳಗೆ ಹೋಗುವ ಗಾಳಿ ಬೆಚ್ಚಗೆ, ತೇವವಾಗಿ ಹೋಗುತ್ತದೆ. ಆಗದಿದ್ದರೆ ಸಂಜೆ ಓಡಿ.

ಹಂತ 5: ವಾರ್ಮ್ ಅಪ್ ಕಲಿಯಿರಿ (ವಾರ 10ರಿಂದ)

ಎಲ್ಲ ಓಟಗಾರರಿಗೂ ವಾರ್ಮ್ ಅಪ್ ಒಳ್ಳೆಯದು. ನಮಗೆ ಅದರಿಂದ ಇನ್ನೊಂದು ಲಾಭ ಇದೆ. ಸರಿಯಾಗಿ ಮೈ ಬಿಸಿ ಮಾಡಿಕೊಂಡರೆ, ಅಸ್ತಮಾ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮುಂದಿನ ಒಂದೆರಡು ಗಂಟೆ ಶ್ವಾಸನಾಳ ಅಷ್ಟು ಸುಲಭಕ್ಕೆ ಬಿಗಿಯುವುದಿಲ್ಲ. ಆ ಹೊತ್ತಿನಲ್ಲೇ ರೇಸು ಮುಗಿಸಬೇಕು.

10 ನಿಮಿಷ ಮೆಲ್ಲಗೆ ಓಟ. ಆಮೇಲೆ 30 ಸೆಕೆಂಡು ಜೋರು, ಒಂದೂವರೆ ನಿಮಿಷ ನಡಿಗೆ, ಹೀಗೆ 6 ಸಲ. ಆಮೇಲೆ 5 ನಿಮಿಷ ಮೆಲ್ಲಗೆ. ಒಟ್ಟು 27 ನಿಮಿಷ. ಮುಗಿಸಿ 10–15 ನಿಮಿಷ ಬಿಟ್ಟು ಶುರು ಮಾಡಿ. ಓಟಕ್ಕೆ ಮುಂಚೆ ಪಫ್ ತಗೊಳ್ಳಲು ಡಾಕ್ಟರ್ ಹೇಳಿದ್ದರೆ ಅದು ವಾರ್ಮ್ ಅಪ್‌ಗೂ 15 ನಿಮಿಷ ಮುಂಚೆ.

ಮೊದಲ ಸಲ ಮಾಡಿದಾಗ ವಾರ್ಮ್ ಅಪ್‌ನಲ್ಲೇ ಎದೆ ಸ್ವಲ್ಪ ಬಿಗಿಯಬಹುದು. ನಿಂತು ಸರಿಹೋಗಲು ಬಿಡಿ. ನೀವು ಆ ಅರ್ಧ ಜನರಲ್ಲಿ ಇದ್ದೀರಾ ಅನ್ನುವುದು ನಾಲ್ಕೈದು ಸಲ ಮಾಡಿ, ಮೀಟರ್ ಅಂಕಿ ಹೋಲಿಸಿದರೆ ಗೊತ್ತಾಗುತ್ತದೆ. ಇಲ್ಲ ಅಂತಾದರೆ ಬೇಜಾರಿಲ್ಲ, ನಿಮಗೆ ಔಷಧಿಯ ಸಮಯವೇ ಮುಖ್ಯ.

ಹಂತ 6: ವೇಗ ಸೇರಿಸುವುದು (ವಾರ 11–14)

ವಾರಕ್ಕೆ ಒಂದೇ ದಿನ ವೇಗ. ಒಂದು ದಿನ ಉದ್ದನೆಯ ನಿಧಾನ ಓಟ: ಮೊದಲ ವಾರ 6 ಕಿಲೋಮೀಟರ್, ಆಮೇಲೆ 7, 8, 10. ಉಳಿದ ಒಂದೆರಡು ದಿನ ಹಗುರ ಓಟ.

ವೇಗದ ದಿನ, ವಾರ 11ರಲ್ಲಿ 1 ನಿಮಿಷ ಜೋರು 6 ಸಲ. ವಾರ 12ರಲ್ಲಿ 2 ನಿಮಿಷ 5 ಸಲ. ವಾರ 13ರಲ್ಲಿ 3 ನಿಮಿಷ 5 ಸಲ. ವಾರ 14ರಲ್ಲಿ ರೇಸಿನ ವೇಗದಲ್ಲಿ 5 ನಿಮಿಷ 3 ಸಲ. ನಡುವೆ 2–3 ನಿಮಿಷ ಮೆಲ್ಲಗೆ ಓಡಿ. ಮುಗಿದ ತಕ್ಷಣ ಗಕ್ಕನೆ ನಿಲ್ಲಬೇಡಿ, 10 ನಿಮಿಷ ನಿಧಾನಕ್ಕೆ ಇಳಿಸಿ.

ವೇಗದ ಓಟಕ್ಕೆ ಒಬ್ಬರೇ ಹೋಗಬೇಡಿ. ಜೊತೆಗಿರುವವರಿಗೆ ಇನ್ಹೇಲರ್ ಎಲ್ಲಿದೆ ಅಂತ ತೋರಿಸಿರಿ.

ಈ ಹಂತದಲ್ಲಿ ಎಚ್ಚರಿಕೆ ಮೆಲ್ಲಗೆ ಬರುತ್ತದೆ. ಬೆಳಗಿನ ಅಂಕಿ ಮೂರು ದಿನದಿಂದ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ನಗುವಾಗ ಕೆಮ್ಮು ಬರುತ್ತಿದೆ. ಒಗ್ಗರಣೆ ಘಾಟಿಗೆ ಮುಂಚೆ ಆಗದಷ್ಟು ಎದೆ ಬಿಗಿಯುತ್ತಿದೆ. ರಾತ್ರಿ ಮೂರಕ್ಕೆ ಎಚ್ಚರ. ಇವು ಕಂಡ ವಾರ ವೇಗದ ದಿನ ರದ್ದು. ಫಿಟ್‌ನೆಸ್ ಒಂದು ವಾರದಲ್ಲಿ ಎಲ್ಲೂ ಹೋಗುವುದಿಲ್ಲ.

ಇನ್ನೊಂದು ತಪ್ಪು ನೋವಿನ ಮಾತ್ರೆ. ಮಂಡಿ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ ಓಡುವವರು ಬಹಳ. ಅಸ್ತಮಾ ಇರುವ ಕೆಲವರಿಗೆ ಇವು ಮತ್ತು ಆಸ್ಪಿರಿನ್ ತೀವ್ರ ಅಟ್ಯಾಕ್ ತರುತ್ತವೆ. ಮೂಗಿನಲ್ಲಿ ಪಾಲಿಪ್, ಅಂದರೆ ಒಳಗೆ ಬೆಳೆದ ಮೆತ್ತನೆಯ ಗಂಟು ಇದ್ದವರಿಗೆ ಅಪಾಯ ಜಾಸ್ತಿ. ಡಾಕ್ಟರನ್ನು ಕೇಳದೆ ಬೇಡ.

ಅಟ್ಯಾಕ್ ಬಂದರೆ

ಈ ಭಾಗವನ್ನು ಮನೆಯವರಿಗೂ, ಜೊತೆಗೆ ಓಡುವವರಿಗೂ ಓದಿಸಿ.

ನಿಲ್ಲಿಸಿ, ನೆಟ್ಟಗೆ ಕೂರಿಸಿ. ಮಲಗಿಸಬೇಡಿ. ತುರ್ತು ಇನ್ಹೇಲರ್ ಸ್ಪೇಸರ್ ಜೊತೆ 4 ಪಫ್, ಒಂದೊಂದಾಗಿ, ಪ್ರತಿ ಪಫ್‌ಗೆ ನಾಲ್ಕು ಉಸಿರು. 4 ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಇನ್ನೂ 4 ಪಫ್. ಆಗಲೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಹೀಗೇ ಮುಂದುವರಿಸಿ. ನಿಮ್ಮ ಡಾಕ್ಟರ್ ಕೊಟ್ಟ ಪ್ಲಾನ್ ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ, ತೂಕಡಿಕೆ ಬರುತ್ತಿದೆ, ಮೀಟರ್ ಕೆಂಪಿನಲ್ಲಿದೆ: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಮೊದಲೇ 108. ಕುಯ್ ಕುಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಆಸಾಮಿ ಇನ್ನೂ ಒದ್ದಾಡುತ್ತಿದ್ದರೆ ಅದು ಗುಣವಾದ ಲಕ್ಷಣ ಅಲ್ಲ, ಗಾಳಿ ಆಡುತ್ತಿಲ್ಲ ಅಂತ ಅರ್ಥ.

ಅಟ್ಯಾಕಿಗೆ ಸ್ಟೀರಾಯ್ಡ್ ಮಾತ್ರೆ ತಗೊಳ್ಳಬೇಕಾಗಿ ಬಂದರೆ ಹಂತ 3ರಿಂದ ಮತ್ತೆ ಶುರು ಮಾಡಿ. ಆ ರೇಸು ಬಿಟ್ಟುಬಿಡಿ.

ಹಂತ 7: ಕೊನೆಯ ಎರಡು ವಾರ (ವಾರ 15–16)

ವಾರ 15ರಲ್ಲಿ ಒಂದು 5 ಕಿಲೋಮೀಟರ್ ತಾಲೀಮು ರೇಸು. ಅದೇ ಹೊತ್ತು, ಅದೇ ವಾರ್ಮ್ ಅಪ್, ಅದೇ ಚೀಲ, ಅದೇ ಬಟ್ಟೆ. ವಾರ 16ರಲ್ಲಿ ಎರಡು ಸಲ 20 ನಿಮಿಷ ಹಗುರ ಓಟ, ಅಷ್ಟೇ.

ಔಷಧಿಯ ನಿಯಮ ಈಗಲೇ ನೋಡಿಕೊಳ್ಳಿ. ರಾಜ್ಯ, ರಾಷ್ಟ್ರ ಮಟ್ಟದ ಅಥವಾ ಮಾಸ್ಟರ್ಸ್ ಕೂಟಗಳಲ್ಲಿ ಪದಕಕ್ಕೆ ಓಡುವವರನ್ನು ಡೋಪಿಂಗ್ ಪರೀಕ್ಷೆಗೆ ಕರೆಯಬಹುದು. ಇನ್ಹೇಲರ್ ಸ್ಟೀರಾಯ್ಡಿಗೆ ನಿಷೇಧ ಇಲ್ಲ. ಸಾಲ್ಬುಟಮಾಲ್ ಇನ್ಹೇಲರಿಗೆ ಮಿತಿ ಇದೆ: 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600. ಒಂದು ಪಫ್ 100 ಮೈಕ್ರೋಗ್ರಾಂ ಆದರೆ 8 ಗಂಟೆಗೆ 6 ಪಫ್. ಫಾರ್ಮೊಟೆರಾಲಿಗೂ ಮಿತಿ ಇದೆ. ಸಾಲ್ಬುಟಮಾಲ್ ಮಾತ್ರೆ, ಸಿರಪ್ ನಿಷಿದ್ಧ. ಸ್ಟೀರಾಯ್ಡ್ ಮಾತ್ರೆ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಲೆವೊಸಾಲ್ಬುಟಮಾಲ್ ಇನ್ಹೇಲರ್ ಬಳಸುವವರು ಮೊದಲೇ ಕೇಳಿ ತಿಳಿದುಕೊಳ್ಳಿ.

ನಮ್ಮಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಕೆಮ್ಮಿನ ಸಿರಪ್‌ನಲ್ಲಿ. ಮೆಡಿಕಲ್ ಶಾಪಿನಲ್ಲಿ ಕೈಗೆ ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಲಿನ್ ಅನ್ನುವ, ಶ್ವಾಸನಾಳ ಸಡಿಲಿಸುವ ಔಷಧಿ ಇರುತ್ತದೆ, ಅದು ಎಲ್ಲ ಕಾಲಕ್ಕೂ ನಿಷಿದ್ಧ ಪಟ್ಟಿಯಲ್ಲಿದೆ. ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿ. ನಿಜಕ್ಕೂ ಬೇಕಾದ ಔಷಧಿಗೆ ಡಾಕ್ಟರ ದಾಖಲೆ ಇಟ್ಟು ರಾಷ್ಟ್ರೀಯ ಡೋಪಿಂಗ್ ವಿರೋಧಿ ಸಂಸ್ಥೆ ನಾಡಾದಿಂದ ಅನುಮತಿ ಕೇಳಬಹುದು. ಜೀವಕ್ಕೆ ಬಂದ ಅಟ್ಯಾಕಿನಲ್ಲಿ ಮಾತ್ರ ಪಫ್ ಎಣಿಸುತ್ತಾ ಕೂರಬೇಡಿ. ಅನುಮತಿಯನ್ನು ಆಮೇಲೆ ಕೇಳಲು ದಾರಿ ಇದೆ.

ಹಂತ 8: ರೇಸಿನ ದಿನ

ಎದ್ದ ತಕ್ಷಣ ಮೀಟರ್. ಹಸಿರಿದ್ದರೆ ಹೋಗಿ. ಹಳದಿ ಇದ್ದರೆ ಓಡಬೇಡಿ. ಇದನ್ನು ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿಟ್ಟಿರಿ, ಬೆಳಿಗ್ಗೆ ನಿಮ್ಮ ಮನಸ್ಸು ಕೇಳುವುದಿಲ್ಲ. ಇಥಿಯೋಪಿಯಾದ ಹೆಸರಾಂತ ಓಟಗಾರ ಹೈಲೆ ಗೆಬ್ರೆಸೆಲಾಸಿಗೆ ಅಸ್ತಮಾ ಇತ್ತು. 2008ರಲ್ಲಿ ಬೀಜಿಂಗಿನ ಗಾಳಿಗೆ ಹೆದರಿ ಒಲಿಂಪಿಕ್ಸ್ ಮ್ಯಾರಥಾನನ್ನೇ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನಲ್ಲಿ 2 ಗಂಟೆ 3 ನಿಮಿಷ 59 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು.

ದಿನದ ಇನ್ಹೇಲರ್ ಮಾಮೂಲಿ ಸಮಯಕ್ಕೆ. ಎದೆಗೆ ಸಿಕ್ಕಿಸುವ ನಂಬರ್ ಚೀಟಿ, ಅಂದರೆ ಬಿಬ್ ಹಿಂದೆ ನಿಮ್ಮ ಹೆಸರು, ಅಸ್ತಮಾ ಅನ್ನುವ ಪದ, ಔಷಧಿ, ಮನೆಯವರ ಫೋನ್ ನಂಬರ್ ಬರೆಯಿರಿ. ಶುರುವಿನ ಸಾಲಿಗೆ ತುಂಬಾ ಮುಂಚೆ ಹೋಗಿ ನಿಂತರೆ ಬಿಸಿಯಾದ ಮೈ ಆರಿಹೋಗುತ್ತದೆ. ಜಾಗ ಇಲ್ಲದಿದ್ದರೆ ನಿಂತಲ್ಲೇ ಕುಣಿಯುತ್ತಿರಿ.

ಇನ್ಹೇಲರ್ ಮೈಮೇಲೇ ಇರಬೇಕು. ಒಂದು ರೇಸಿನಲ್ಲಿ ನಾನು ರೋಟಾಹೇಲರ್ ಕ್ಯಾಪ್ಸೂಲುಗಳನ್ನು ಚಡ್ಡಿ ಜೇಬಿನಲ್ಲಿ ಹಾಗೇ ಹಾಕಿಕೊಂಡಿದ್ದೆ. ನಾಲ್ಕನೇ ಕಿಲೋಮೀಟರಿಗೆ ಎದೆ ಬಿಗಿಯಿತು. ಕೈ ಹಾಕಿದರೆ ಬೆವರಿಗೆ ಎರಡೂ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ನೆಂದ ಅವಲಕ್ಕಿ ಥರ. ಪುಡಿ ಗಟ್ಟಿಯಾಗಿತ್ತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು, ಅಪರಿಚಿತ ಹುಡುಗಿಯೊಬ್ಬಳು ತನ್ನ ಇನ್ಹೇಲರ್ ಕೊಟ್ಟಿದ್ದರಿಂದ ಉಳಿದುಕೊಂಡೆ. ಅಂದಿನಿಂದ ಒತ್ತುವ ಇನ್ಹೇಲರ್, ಮೂತಿಗೆ ಮುಚ್ಚಳ ಹಾಕಿ, ಜಿಪ್ ಕವರಿನಲ್ಲಿ, ಸೊಂಟದ ಚೀಲದಲ್ಲಿ. ಮುಚ್ಚಳ ಮರೆಯಬೇಡಿ. ತೆರೆದ ಮೂತಿಗೆ ಕಸ ಸೇರಿದರೆ ಅದು ಪಫ್ ಜೊತೆ ಗಂಟಲಿಗೆ ಹೋಗುತ್ತದೆ.

ಮೊದಲ ಎರಡು ಕಿಲೋಮೀಟರ್ ಗುರಿಗಿಂತ ನಿಧಾನ. ಐದರ ಹತ್ತಿರ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದು ಬರೀ ಏದುಸಿರೋ, ಎದೆ ಬಿಗಿತವೋ? ಏದುಸಿರು ಆದರೆ ವೇಗ ತಗ್ಗಿಸಿದ ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಬಿಗಿತ ಆದರೆ ಉಸಿರು ಬಿಡುವುದೇ ಕಷ್ಟ, ಕೆಮ್ಮು ಬರುತ್ತದೆ, ನಿಧಾನ ಮಾಡಿದರೂ ಹೋಗುವುದಿಲ್ಲ. ಆಗ ರಸ್ತೆ ಪಕ್ಕಕ್ಕೆ ಬಂದು ನಿಂತು ಪಫ್ ತಗೊಳ್ಳಿ. ಪೂರ್ತಿ ಸರಿಹೋದರೆ ಹಗುರವಾಗಿ ನಡೆದು ಮುಗಿಸಿ. ಸರಿಹೋಗದಿದ್ದರೆ ಅಲ್ಲಿರುವ ವಾಲಂಟಿಯರಿಗೆ ಕೈ ಎತ್ತಿ.

ಓಟ ಮುಗಿದ ಮೇಲೆ

ಗೆರೆ ದಾಟಿ ಮೆಡಲ್ ಹಾಕಿಸಿಕೊಂಡು ಫೋಟೋಗೆ ನಿಲ್ಲುವ ಹೊತ್ತೇ ನಮಗೆ ಸೂಕ್ಷ್ಮ. ಬಿಗಿತ ಜೋರಾಗುವುದು ನಿಂತ ಮೇಲೆ ಅಂತ ಆಗಲೇ ಹೇಳಿದೆನಲ್ಲ. 10 ನಿಮಿಷ ನಡೆಯಿರಿ. ಚೀಲ ಕಾರಿನಲ್ಲಿ ಬಿಟ್ಟು ಬರಬೇಡಿ. ಒಂದು ಗಂಟೆಯವರೆಗೆ ಒಬ್ಬರೇ ಗಾಡಿ ಓಡಿಸಿಕೊಂಡು ಹೊರಡಬೇಡಿ.

ಅವತ್ತು ಸಂಜೆ ಮತ್ತು ಮರುದಿನ ಬೆಳಿಗ್ಗೆ ಮೀಟರ್ ಊದಿ ಬರೆಯಿರಿ. ಸ್ವಲ್ಪ ಕೆಮ್ಮು ಇದ್ದು ಒಂದೆರಡು ದಿನದಲ್ಲಿ ಹೋದರೆ ಚಿಂತೆ ಇಲ್ಲ. ಮೂರನೇ ದಿನವೂ ಅಂಕಿ ಹಳದಿಯಲ್ಲಿದ್ದರೆ ಡಾಕ್ಟರಿಗೆ ತೋರಿಸಿ. ರೇಸು ಮುಗಿಯಿತು ಅಂತ ದಿನದ ಇನ್ಹೇಲರ್ ಬಿಡುವವರು ತುಂಬಾ ಜನ, ದಯವಿಟ್ಟು ಬಿಡಬೇಡಿ. ಎಷ್ಟು ಇಳಿಸಬೇಕು ಅನ್ನುವುದು ಡಾಕ್ಟರ ಜೊತೆ ಕೂತು ನೋಟ್‌ಬುಕ್ ನೋಡಿ ನಿರ್ಧಾರವಾಗಲಿ. ಮುಂದಿನ ರೇಸಿಗೆ ಹೆಸರು ಕೊಡುವ ಮುಂಚೆ ಸತತ ಹದಿನಾಲ್ಕು ಬೆಳಗಿನ ಹಸಿರು ಅಂಕಿ ಪುಟದಲ್ಲಿರಲಿ.